ಥಂಡಿ ಗಾಳಿಯಾಗ ದಮ್ಮಿನ ರೋಗದವರನ್ನ ಹೆಂಗ ನೋಡ್ಕೋಬೇಕು, ಪುಣೆದಾಗ ಅವ್ವನ ಜೋಡಿ ನಾವು ಕಲ್ತಿದ್ದು

ನಮ್ಮ ಅವ್ವಗ ಸಿಓಪಿಡಿ, ಅಂದ್ರ ಶ್ವಾಸನಾಳ ಸಣ್ಣಾಗಿ ಕಾಯಂ ಉಳಿಯೋ ದಮ್ಮಿನ ರೋಗ, ಅದ ಅಂತ ಗೊತ್ತಾಗಿ ಏಳು ವರ್ಷ ಆತು. ಒಂದು ಬೀಡಿನೂ ಮುಟ್ಟಿದಾಕಿ ಅಲ್ಲ. ಬಿಜಾಪುರದ ಕಡೆ ಹಳ್ಳಿಯಾಗ ನಲವತ್ತು ವರ್ಷ ಕಟಗಿ ಒಲಿ ಮುಂದ ಕುಂತು ರೊಟ್ಟಿ ಬಡದಾಕಿ, ಆ ಹೊಗಿನ ಆಕಿ ಪುಪ್ಪುಸ ತಿಂದದ. ಪುಣೆದ ಡಾಕ್ಟರ್ ಮೊದಲು ಕೇಳಿದ್ದ ಪ್ರಶ್ನೆನ ಅದು, ಮನ್ಯಾಗ ಎಂಥಾ ಒಲಿ ಇತ್ತು, ಎಷ್ಟು ವರ್ಷ ಇತ್ತು ಅಂತ. ನಮ್ಮ ಕಡೆ ಹೆಣಮಕ್ಕಳಿಗೆ ಈ ರೋಗ ಬರೋದು ಭಾಳ ಮಾಡಿ ಹಿಂಗ, ಸಿಗರೇಟಿನಿಂದ ಅಲ್ಲ. ಈಗ ಆಕಿ ನಮ್ಮ ಜೋಡಿ ಸಿಂಹಗಡ ರೋಡಿನ ಕಡೆ ಧಾಯರಿಯಾಗ ಇರ್ತಾಳ, ನಾಲ್ಕನೇ ಮಾಳಗಿ, ಗುಡ್ಡದ ಕಡಿಂದ ಗಾಳಿ ಸೀದಾ ಮನಿಗೆ ಬಡಿತದ.

ಎರಡು ವರ್ಷದ ಹಿಂದ ಜನವರಿಯಾಗ ಊರಾಗ ಒಂದು ಮದವಿ ಮುಗಿಸಿಕೊಂಡು ಸೊಲ್ಲಾಪುರದ ಕಡಿಂದ ಬರೋ ರಾತ್ರಿ ಟ್ರೇನಿಗೆ ಬಂದ್ವಿ, ಪುಣೆ ಸ್ಟೇಷನ್‌ದಾಗ ಇಳಿದಾಗ ಇನ್ನ ಐದು ಆಗಿರಲಿಲ್ಲ, ಆಟೋ ಮಾಡಿದ್ವಿ. ಅವ್ವ ತಲಿ ಮ್ಯಾಲೆ ಶಾಲು ಹೊತ್ಕೊಂಡಿದ್ಲು ಆದ್ರ ಮೂಗು ಬಾಯಿ ಬಿಚ್ಚೇ ಇದ್ವು. ರೋಡ್ ಖಾಲಿ ಅಂತ ಆಟೋದವ ಜೋರ ಹೊಡಿಲಿಕತ್ತಿದ್ದ, ಎರಡೂ ಬದಿಯಿಂದ ಗಾಳಿ. ಸ್ವಾರಗೇಟ್ ದಾಟೋದ್ರಾಗ ಆಕಿ ಮಾತಾಡೋದು ನಿಲ್ಲಿಸಿದ್ಲು, ನಾನು ನಿದ್ದಿ ಬಂದದ ಅಂತ ತಿಳ್ಕೊಂಡೆ. ನಿದ್ದಿ ಅಲ್ಲ, ಮಾತಿಗೆ ಉಸಿರ ಉಳಿದಿರಲಿಲ್ಲ. ಮನಿಗೆ ಬಂದು ಪಂಪ್ (ಬಾಯಿಲೆ ಎಳಕೊಳ್ಳೋ ಔಷಧದ ಇನ್ಹೇಲರ್) ಹೊಡಕೊಂಡ ಮ್ಯಾಲೆ ಸ್ವಲ್ಪ ಆರಾಮ ಅನಿಸ್ತು, ಆದ್ರ ಮೂರನೇ ದಿನಕ್ಕ ಕಫ ಹಸರಾತು, ಆರು ದಿನ ದವಾಖಾನಿಯಾಗ ಇರಬೇಕಾತು. ಥಂಡಿ ಬಡಿದ ದಿನಾನ ತ್ರಾಸು ಆಗ್ತದ ಅಂತೇನಿಲ್ಲ, ಎರಡು ಮೂರು ದಿನ ಬಿಟ್ಟು ಬರೋದೂ ಅದ, ಅದಕ್ಕ ಮೊದಲನೇ ದಿನ ಆರಾಮ ಅನಿಸಿದ್ರ ಬಚಾವಾದ್ವಿ ಅಂತ ಬಿಟ್ಟುಬಿಡಬ್ಯಾಡ್ರಿ.

ಅವತ್ತಿನಿಂದ ನಾವು ಕಲ್ತಿದ್ದು ಏನಂದ್ರ, ಪುಣೆ ಥಂಡಿ ದಿನದ ಥಂಡಿ ಅಲ್ರಿ, ತಾಸಿನ ಥಂಡಿ. ಡಿಸೆಂಬರ್ ಜನವರಿಯಾಗ ನಸುಕಿನಾಗ 10-11 ಡಿಗ್ರಿ ಇರ್ತದ, ಕೆಲವು ದಿನ 8ಕ್ಕೂ ಇಳಿತದ, ಅದ ದಿನ ಮಧ್ಯಾಹ್ನ 29-30 ಆಗಿ ಫ್ಯಾನ್ ಹಚ್ಚಬೇಕಾಗ್ತದ. ಒಂದ ದಿನದಾಗ ಇಷ್ಟು ಏರಿಳಿತ ಇರೋ ಊರಾಗ ಥಂಡಿಗೆ ಹೆದರಿ ಪೇಷಂಟ್‌ನ ಮೂರು ತಿಂಗಳು ಕೋಲಿಯಾಗ ಕೂಡಿಹಾಕೋದು ತಪ್ಪು. ಕುಂತಲ್ಲೇ ಕುಂತ್ರ ಕಾಲಿನ ಶಕ್ತಿ ಹೋಗ್ತದ, ಕಾಲಿನ ಶಕ್ತಿ ಹೋದ್ರ ಸಂಡಾಸಕ್ಕ ಹೋಗಿ ಬರೋದ್ರಾಗ ದಮ್ಮು ಹತ್ತತದ. ಹಂಗಂತ ಐದೂವರಿಗೆ ವಾಕಿಂಗ್ ಹೋಗೋದೂ ತಪ್ಪು. ಹೊತ್ತು ನೋಡಿ ದಿನಾನ ಹೊಂದಿಸ್ಕೋಬೇಕು, ನಾ ಹೇಳೋದೆಲ್ಲಾ ಇಷ್ಟ.

ನಸುಕಿನ ಹೊತ್ತು ಯಾಕ ಕೆಟ್ಟದ್ದು ಅಂದ್ರ ಥಂಡಿ ಒಂದ ಅಲ್ಲ ಅದರಾಗ ಇರೋದು. ರಾತ್ರಿ ನೆಲ ತಣ್ಣಗಾಗಿ ಥಂಡಿ ಗಾಳಿ ಕೆಳಗ ಕುಂತುಬಿಡ್ತದ, ಅದರ ಮ್ಯಾಲೆ ಬೆಚ್ಚನ ಗಾಳಿ ಮುಚ್ಚಳ ಹಾಕಿದಂಗ ಕುಂಡ್ರತದ, ಹಿಂಗಾಗಿ ಗಾಡಿ ಹೊಗಿ, ಕಸ ಸುಟ್ಟ ಹೊಗಿ, ರೋಡಿನ ಧೂಳು ಯಾವುದೂ ಮ್ಯಾಲೆ ಹೋಗಂಗಿಲ್ಲ, ನಮ್ಮ ಮೂಗಿನ ಎತ್ತರಕ್ಕ ತೇಲ್ತಿರ್ತದ. ಸುತ್ತ ಟೇಕಡಿ ಇರೋ ಊರು ಇದು. ಮುಂಜಾನೆ ಏಳಕ್ಕ ನಮ್ಮ ಬಾಲ್ಕನಿಯಿಂದ ನೋಡಿದ್ರ ಬಿಲ್ಡಿಂಗ್ ಕೆಳಗ ಬೂದಿ ಬಣ್ಣದ ಒಂದು ಪಟ್ಟಿ ಕಾಣಿಸ್ತದ, ಎಲ್ಲಾರೂ ಮಂಜು ಭಾಳ ಚಂದ ಅಂತ ಫೋಟೋ ತಗೀತಾರ, ಅದರಾಗ ಅರ್ಧ ಹೊಗಿನ ಇರ್ತದ. ಬಿಸಲು ಬಿದ್ದು ನೆಲ ಕಾದ ಮ್ಯಾಲೆ, ಅಂದ್ರ ಒಂಬತ್ತು ಒಂಬತ್ತೂವರಿ ನಂತರ, ಅದು ಮ್ಯಾಲೆ ಎದ್ದು ಹರಿದು ಹೋಗ್ತದ. ನಮ್ಮ ಅವ್ವನ ವಾಕಿಂಗ್ ಹತ್ತರಿಂದ ಹನ್ನೊಂದರ ನಡುವ, ಸಂಜಿ ಐದರೊಳಗ ಒಳಗ ಬರೋದು, ಆಮ್ಯಾಲೆ ಹೊರಗಿಲ್ಲ.

ಮೊಬೈಲ್‌ದಾಗ ಟೆಂಪರೇಚರ್ ಒಂದ ನೋಡಬ್ಯಾಡ್ರಿ, ಗಾಳಿ ವೇಗಾನೂ ನೋಡ್ರಿ, ಎಕ್ಯೂಐನೂ, ಅಂದ್ರ ಗಾಳಿ ಎಷ್ಟು ಹೊಲಸದ ಅನ್ನೋ ಅಂಕಿನೂ ನೋಡ್ರಿ. ಪಾಷಾಣದಾಗಿರೋ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ಸಫರ್ ಅನ್ನೋ ಗಾಳಿ ಮಾಹಿತಿ ಸೇವಾದಾಗ ಪುಣೆದ ಬ್ಯಾರೆ ಬ್ಯಾರೆ ಏರಿಯಾದ್ದು ಸಿಗ್ತದ. ಎಕ್ಯೂಐ 100ರ ಒಳಗಿದ್ರ ನಾವು ಆರಾಮ ಹೋಗ್ತೀವಿ, 100 ದಾಟಿದ್ರ ಪುಪ್ಪುಸದ ರೋಗ ಇದ್ದವರಿಗೆ ತ್ರಾಸು ಶುರು ಆಗ್ತದ ಅಂತ ಸರಕಾರದ ಪಟ್ಟಿನ ಹೇಳ್ತದ, 200 ದಾಟಿದ್ರ ಅವತ್ತು ಮನಿಯಾಗ. ಇನ್ನೊಂದು ಮಾತು, ಟಿವಿಯಾಗ ಪುಣೆ ಅಂತ ಹೇಳೋದು ಭಾಳ ಮಾಡಿ ಶಿವಾಜಿನಗರದ ಲೆಕ್ಕ. ಪಾಷಾಣ, ಎನ್‌ಡಿಎ (ಮಿಲಿಟರಿ ಅಕಾಡೆಮಿ) ಕಡೆ ಥಂಡಿ ಜೋರ ಇರ್ತದ, ಮಗರಪಟ್ಟಾ ಚಿಂಚವಾಡ ಕಡೆ ಎಷ್ಟೋ ದಿನ ನಾಲ್ಕೈದು ಡಿಗ್ರಿ ಹೆಚ್ಚಿರ್ತದ. ನಿಮ್ಮ ಮನಿ ಎಲ್ಲದ ಅದರ ಮ್ಯಾಲೆ ಲೆಕ್ಕ ಹಾಕ್ರಿ, ಬಾಲ್ಕನಿಯಾಗ ಒಂದು ಸಣ್ಣ ಥರ್ಮಾಮೀಟರ್ ತೂಗಹಾಕಿದ್ರ ಇನ್ನೂ ಛಲೋ.

ಈಗ ಗಾಳಿದು ಹೇಳ್ತೀನಿ, ಯಾಕಂದ್ರ ಥಂಡಿಗಿಂತ ಗಾಳಿನ ಅವ್ವಗ ಹೆಚ್ಚು ಕಾಡ್ತದ. ನಮ್ಮ ಮೂಗು ಹೊರಗಿನ ಗಾಳಿನ ಒಳಗ ಹೋಗೋದ್ರಾಗ ಬೆಚ್ಚಗ ಮಾಡಿ ಹಸಿ ಮಾಡಿ ಕಳಸ್ತದ. ದಮ್ಮು ಹತ್ತಿದವರು ಬಾಯಿಲೆ ಉಸಿರಾಡ್ತಾರ, ಆಗ ಈ ಕೆಲಸ ತಪ್ಪಿ ಥಂಡಿ ಒಣ ಗಾಳಿ ಸೀದಾ ಶ್ವಾಸನಾಳಕ್ಕ ಬಡಿತದ, ನಾಳ ಬಿಗಿತದ, ಕಫ ಗಟ್ಟಿ ಆಗ್ತದ. ಬರೇ ಮುಖಕ್ಕ ಥಂಡಿ ಗಾಳಿ ಬಡಿದ್ರೂ ಸಾಕು, ಒಳಗ ನಾಳ ಬಿಗಿಯೋದು ಅದ. ಅದಕ್ಕ ಸ್ವೆಟರ್ ಎಷ್ಟು ದಪ್ಪ ಅದ ಅನ್ನೋದಕ್ಕಿಂತ ಮೂಗು ಬಾಯಿ ಮುಚ್ಚೇದ ಇಲ್ಲೋ ಅನ್ನೋದು ಮೊದಲು ನೋಡಬೇಕು.

ಇಲ್ಲಿ ಪುಣೆ ಹುಡುಗ್ಯಾರು ಸ್ಕೂಟಿ ಮ್ಯಾಲೆ ಹೋಗುವಾಗ ಕಾಟನ್ ಸ್ಕಾರ್ಫ್ ಮುಖಕ್ಕೆಲ್ಲಾ ಸುತ್ತಿ ಕಣ್ಣಷ್ಟ ಬಿಟ್ಕೋತಾರಲ್ಲಾ, ನಾವು ಅವ್ವಗ ಅದನ್ನ ಕಲಿಸಿದ್ವಿ. ನನ್ನ ಹೆಂಡ್ತಿ ಕನ್ನಡಿ ಮುಂದ ನಿಲ್ಲಿಸಿ ಕಲಿಸಿದ್ಲು, ಮೊದಲು ಮೂಗಿನ ಮ್ಯಾಲಿಂದ ಒಂದು ಸುತ್ತು ಸಡ್ಲ ಇರಬೇಕು, ಎರಡನೇ ಸುತ್ತು ತಲಿ ಕಿವಿ ಮ್ಯಾಲಿಂದ, ತುದಿ ಕುತಗಿ ಹಿಂದ ಸಿಗಿಸೋದು. ಸಡ್ಲ ಯಾಕಂದ್ರ ಬಿಗಿ ಕಟ್ಟಿದ್ರ ದಮ್ಮಿನವರಿಗೆ ಜೀವ ಕಟ್ಟಿದಂಗ ಆಗ್ತದ, ಕಿತ್ತು ಒಗಿತಾರ. ಸಡ್ಲ ಇದ್ರ ತಮ್ಮ ಉಸಿರಿನ ಬಿಸಿ ಅಲ್ಲೇ ಉಳಿದು ಮುಂದಿನ ಉಸಿರು ಬೆಚ್ಚಗ ಹೋಗ್ತದ. ಉಣ್ಣಿ ಮಫ್ಲರ್ ಸೀದಾ ಮೂಗಿಗೆ ಹಚ್ಚಬ್ಯಾಡ್ರಿ, ಅದರ ಎಳಿ ಮೂಗಿನಾಗ ಹೋಗಿ ಕೆಮ್ಮು ಬರ್ತದ, ಒಳಗ ಕಾಟನ್, ಹೊರಗ ಉಣ್ಣಿ. ಎನ್95 ಮಾಸ್ಕ್ ಧೂಳಿಗೆ ಒಳ್ಳೇದು ಖರೆ, ಆದ್ರ ಎಲ್ಲಾ ಪೇಷಂಟ್‌ಗೂ ಅದರಾಗ ಉಸಿರಾಡ್ಲಿಕ್ಕೆ ಆಗಂಗಿಲ್ಲ, ಮನಿಯಾಗ ಕುಂತು ಹತ್ತು ಮಿನಿಟ್ ಹಾಕಿ ನೋಡಿ ಆಮ್ಯಾಲೆ ಹೊರಗ ಹಾಕ್ರಿ.

ನಡಿಯುವಾಗ ಗಾಳಿ ಯಾವ ಕಡಿಂದ ಬೀಸ್ತದ ನೋಡ್ರಿ. ಹೋಗುವಾಗ ಗಾಳಿಗೆ ಎದುರು, ಬರುವಾಗ ಗಾಳಿ ಬೆನ್ನಿಗೆ. ಶಕ್ತಿ ಇದ್ದಾಗ ಎದುರು ಗಾಳಿ ಮುಗಿಸಿಬಿಟ್ರ ದಣಿದು ವಾಪಸ್ ಬರುವಾಗ ಗಾಳಿನ ದೂಕಿಕೊಂಡು ಬರ್ತದ. ಏರಿದ್ದೂ ಹಂಗ, ಏರು ಮೊದಲು ಇಳಿಕಿ ಆಮ್ಯಾಲೆ. ನಾವು ಮೊದಲು ಉಲ್ಟಾ ಮಾಡ್ತಿದ್ವಿ, ಗಾಳಿ ಜೋಡಿ ಆರಾಮಾಗಿ ದೂರ ಹೋಗಿಬಿಡೋದು, ಬರುವಾಗ ಮೂರು ಕಡೆ ಕುಂಡ್ರೋದು. ಗಾಳಿ ಭಾಳ ಇದ್ದ ದಿನ ಮನಿಯಾಗ ಹಾಲ್‌ದಿಂದ ಅಡಗಿ ಮನಿತನ ಹತ್ತು ಹತ್ತು ಮಿನಿಟ್ ಮೂರು ಸಲ, ಮತ್ತ ಕುರ್ಚಿ ಮ್ಯಾಲಿಂದ ಕೈ ಊರದ ಏಳೋದು ಕುಂಡ್ರೋದು ಎಂಟು ಹತ್ತು ಸಲ. ಬಿಲ್ಡಿಂಗ್ ಪಾರ್ಕಿಂಗ್‌ದಾಗ ಗಾಳಿ ಇಲ್ಲ ಅಂತ ಅಲ್ಲಿ ತಿರುಗಾಡಬ್ಯಾಡ್ರಿ, ಗಾಡಿ ಸ್ಟಾರ್ಟ್ ಮಾಡಿದ ಹೊಗಿ ಅಲ್ಲೇ ತುಂಬಿರ್ತದ.

ಟೂ ವೀಲರ್ ಮ್ಯಾಲೆ ಥಂಡಿಯಾಗ ಹಿಂದ ಕುಂಡ್ರಿಸಿಕೊಂಡು ಹೋಗೋದು ನಾವು ಪೂರ್ತಿ ಬಿಟ್ಟೇವಿ. ಗಾಳಿ ನಿಂತಿರಲಿ, ನೀವು 40ರ ಸ್ಪೀಡ್‌ದಾಗ ಹೊಂಟ್ರ 40ರ ಗಾಳಿ ಮುಖಕ್ಕ ಬಡಿತದ. ಹೋಗಲೇಬೇಕಂದ್ರ ಸ್ಕಾರ್ಫ್ ಮ್ಯಾಲೆ ಕಾಜಿನ ಪೂರ್ತಿ ಹೆಲ್ಮೆಟ್, ಮುಂದ ಕುಂತವರ ಬೆನ್ನಿಗೆ ಮುಖ ಮರಿ ಮಾಡಿ. ಆಟೋದಾಗ ಒಂದು ಬದಿ ನಾನು, ನಡುವ ಅವ್ವ, ಇನ್ನೊಂದು ಬದಿ ಬ್ಯಾಗು, ಮತ್ತ ಆಟೋದವರಿಗೆ ಮೊದಲ "ದಾದಾ, ಹಳೂ ಚಲಾ, ಆಯೀಲಾ ದಮಾ ಆಹೆ" (ಅಣ್ಣಾ, ನಿಧಾನ ಹೋಗ್ರಿ, ಅವ್ವಗ ದಮ್ಮು ಅದ) ಅಂತ ಹೇಳಿಬಿಡ್ತೀವಿ, ಹೇಳಿದ್ರ ಯಾರೂ ಇಲ್ಲ ಅನ್ನಂಗಿಲ್ಲ. ಊರಿಗೆ ಹೋಗಿ ಬರೋದಿದ್ರ ಈಗ ನಾವು ಹಗಲಿನ ಗಾಡಿ ನೋಡ್ತೀವಿ, ಮುಂಜಾನೆ ಎಂಟರ ಮ್ಯಾಲೆ ಇಳಿಯೋ ಹಂಗ. ಇಲ್ಲಾಂದ್ರ ಸ್ಟೇಷನ್ ವೇಟಿಂಗ್ ರೂಮಿನಾಗ ಬಿಸಲು ಬರೋತನ ಕುಂಡ್ರೋದು, ಎರಡು ತಾಸು ಕುಂತ್ರ ಏನೂ ಹೋಗಂಗಿಲ್ಲ, ಆರು ದಿನ ದವಾಖಾನಿ ಉಳಿತದ.

ಇನ್ನ ಪಂಪಿನ ಮಾತು. ಥಂಡಿಯಾಗ ಇನ್ಹೇಲರ್ ಡಬ್ಬಿನೂ ತಣ್ಣಗಾಗಿರ್ತದ, ತಣ್ಣಗಿದ್ರ ಒಳಗಿನ ಒತ್ತಡ ಕಡಿಮಿ ಆಗಿ ಔಷಧ ಬರೋಬ್ಬರಿ ಬರಂಗಿಲ್ಲ. ಅವ್ವ ರಾತ್ರಿ ಕಿಡಕಿ ಕಟ್ಟಿ ಮ್ಯಾಲೆ ಇಡ್ತಿದ್ಲು, ಮುಂಜಾನೆ ಹೊಡಕೊಂಡ್ರ ಹತ್ತೇ ಇಲ್ಲ ಅಂತಿದ್ಲು, ನಾವು ಡಬ್ಬಿ ಮುಗಿದಿರಬೇಕು ಅಂತ ಹೊಸದು ತಂದ್ವಿ. ಈಗ ರಾತ್ರಿ ದಿಂಬಿನ ಬಾಜೂಕ, ಹೊರಗ ಹೋಗುವಾಗ ಕುಬಸದ ಒಳಗ ಇಟ್ಕೋತಾಳ, ಮೈ ಬಿಸಿಗೆ ಅದು ಬೆಚ್ಚಗಿರ್ತದ. ತಣ್ಣಗಾಗಿದ್ರ ಎರಡೂ ಅಂಗೈಯಾಗ ಹಿಡಿದು ಒಂದೆರಡು ಮಿನಿಟ್ ತಿಕ್ರಿ, ಒಲಿ ಮುಂದ ಹಿಡಿಯೋದು ಬಿಸಿ ನೀರಾಗ ಅದ್ದೋದು ಯಾವತ್ತೂ ಮಾಡಬ್ಯಾಡ್ರಿ, ಅದು ಒತ್ತಡದ ಡಬ್ಬಿ, ಒಡಿಬಹುದು. ಬಿಸಲಾಗ ನಿಂತ ಕಾರಿನಾಗೂ ಬಿಡಬಾರದು.

ಹೊಡಕೊಳ್ಳೋ ರೀತಿ ಎಷ್ಟೋ ಜನಕ್ಕ ಯಾರೂ ತೋರಿಸಿಕೊಟ್ಟಿರಂಗಿಲ್ಲ. ಚಂದಂಗ ಅಲುಗಾಡಿಸ್ರಿ, ಪೂರ್ತಿ ಉಸಿರು ಹೊರಗ ಬಿಡ್ರಿ, ಸ್ಪೇಸರ್‌ಗೆ, ಅಂದ್ರ ಪಂಪಿಗೆ ಸಿಗಿಸೋ ಪ್ಲಾಸ್ಟಿಕ್ ಕೊಳವಿಗೆ, ಬಾಯಿ ಹಚ್ಚಿ ಒಂದ ಒತ್ತು, ನಿಧಾನಕ ಎಳೀರಿ, ಹತ್ತು ಎಣಿಸೋತನ ಹಿಡೀರಿ, ಎರಡನೇ ಒತ್ತಿಗೆ ಒಂದು ಮಿನಿಟ್ ಬಿಡ್ರಿ. ಸ್ಪೇಸರ್ ಇಲ್ಲದ ಸೀದಾ ಬಾಯಿಗೆ ಹೊಡಕೊಂಡ್ರ ಭಾಳಷ್ಟು ಔಷಧ ಗಂಟಲಕ್ಕ ಬಡಿದು ಅಲ್ಲೇ ಉಳಿತದ. ಸ್ಪೇಸರ್ ವಾರಕ್ಕೊಮ್ಮೆ ಸೋಪಿನ ನೀರಾಗ ತೊಳೆದು ತಾನ ಒಣಗಲಿಕ್ಕೆ ಬಿಡ್ರಿ, ಅರಿವಿಲೆ ಒರಸಿದ್ರ ಒಳಗ ಕರೆಂಟ್ ಹುಟ್ಟಿ ಔಷಧ ಅದಕ್ಕ ಅಂಟ್ಕೋತದ. ಸ್ಟೆರಾಯ್ಡ್ ಇರೋ ಪಂಪ್ ಇದ್ರ ಆಮ್ಯಾಲೆ ಬಾಯಿ ಮುಕ್ಕಳಿಸಿ ಉಗಳಬೇಕು, ಇಲ್ಲಾಂದ್ರ ಬಾಯಾಗ ಬಿಳಿ ಹುಣ್ಣು ಬರ್ತಾವ. ಇನ್ನ ದಿನಾ ತಗೊಳ್ಳೋ ಪಂಪ್ ಬ್ಯಾರೆ, ದಮ್ಮು ಹತ್ತಿದಾಗ ತಗೊಳ್ಳೋ ನೀಲಿ ಪಂಪ್ ಬ್ಯಾರೆ. ಆರಾಮ ಅದ ಅಂತ ದಿನದ್ದು ಬಿಟ್ಟು ನೀಲಿ ಒಂದ ಹೊಡಕೊಳ್ಳೋರನ್ನ ನಾನು ಭಾಳ ನೋಡೀನಿ, ಅದು ಭಾಳ ತಪ್ಪು. ಹೊರಗ ಥಂಡಿಗೆ ಹೋಗೋ ಹತ್ತು ಹದಿನೈದು ಮಿನಿಟ್ ಮೊದಲು ನೀಲಿ ಪಂಪ್ ತಗೋಬೇಕೋ ಬ್ಯಾಡೋ ಅಂತ ನಿಮ್ಮ ಡಾಕ್ಟರ್‌ನ ಕೇಳ್ರಿ, ಕೆಲವರಿಗೆ ಹೇಳ್ತಾರ ಕೆಲವರಿಗೆ ಬ್ಯಾಡ ಅಂತಾರ, ಎದಿ ಬಡತದ ತ್ರಾಸು ಇದ್ದವರು ತಾವಾಗೇ ಮಾಡಬಾರದು.

ಹೊರಗ ಇದ್ದಾಗ ದಮ್ಮು ಹತ್ತಿತು ಅಂದ್ರ ಮೊದಲು ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಗ್ವಾಡಿ, ಗಿಡ, ಅಂಗಡಿ ಮರಿ, ಏನ ಸಿಗತದ ಅದು. ಕುಂಡ್ರಲಿಕ್ಕೆ ಜಾಗಾ ಇದ್ರ ಕುಂತು ಮೊಣಕಾಲ ಮ್ಯಾಲೆ ಮೊಣಕೈ ಊರಿ ಮುಂದ ಬಾಗೋದು, ಇಲ್ಲಾಂದ್ರ ಗ್ವಾಡಿಗೆ ಕೈ ಊರಿ ನಿಲ್ಲೋದು. ಮೂಗಿಲೆ ಎರಡು ಎಣಿಸೋತನ ಎಳೆದು, ತುಟಿ ಸಣ್ಣ ಮಾಡಿ ಬಿಸಿ ಚಹಾ ಊದಿದಂಗ ನಾಲ್ಕು ಎಣಿಸೋತನ ಬಿಡಬೇಕು. ಈ ರೋಗದಾಗ ಗಾಳಿ ಒಳಗ ಹೋಗಂಗಿಲ್ಲ ಅನ್ನೋದಕ್ಕಿಂತ ಹೊರಗ ಬರಂಗಿಲ್ಲ ಅನ್ನೋದ ಹೆಚ್ಚು, ಹಳೇ ಗಾಳಿ ಒಳಗ ಸಿಕ್ಕೊಂಡಿರ್ತದ, ತುಟಿ ಸಣ್ಣ ಮಾಡಿ ಬಿಟ್ರ ನಾಳ ಮುಚ್ಚದ ಅದು ನಿಧಾನ ಹೊರಗ ಬರ್ತದ. ಅವ್ವಗ ಡಾಕ್ಟರ್ ಹೇಳಿದ್ದು ತಲಿಗೆ ಹೋಗಲಿಲ್ಲ, ಒಲಿ ಊದೋ ಕೊಳವಿ ಊದಿದಂಗ ಮಾಡವ್ವ, ಆದ್ರ ಜೋರ ಬ್ಯಾಡ ಅಂದೆ, ಒಂದ ಸಲಕ್ಕ ತಿಳೀತು. ಇದನ್ನ ಆರಾಮ ಇದ್ದಾಗ ದಿನಾ ಮಾಡಿ ರೂಢಿ ಇದ್ರ ಮಾತ್ರ ತ್ರಾಸಿನ ಹೊತ್ತಿಗೆ ನೆನಪಾಗ್ತದ.

ಮನಿ ಒಳಗಿನ ಗಾಳಿ ಬಗ್ಗೆ ಯಾರೂ ಅಷ್ಟು ವಿಚಾರ ಮಾಡಂಗಿಲ್ಲ. ನಮ್ಮ ಸ್ಲೈಡಿಂಗ್ ಕಿಡಕಿ ಪೂರ್ತಿ ಹಾಕಿದ್ರೂ ಅವ್ವನ ಕಾಟಿನ ಮ್ಯಾಲೆ ಥಂಡಿ ಬರ್ತಿತ್ತು. ಒಂದು ರಾತ್ರಿ ಅಂಗೈ ಹಿಂಭಾಗ ಒದ್ದಿ ಮಾಡ್ಕೊಂಡು ಕಿಡಕಿ ಸುತ್ತ ಹಿಡಿದು ನೋಡಿದೆ, ಕೆಳಗಿನ ಪಟ್ಟಿಯಾಗ ಮಳಿ ನೀರು ಹರಿದು ಹೋಗ್ಲಿಕ್ಕೆ ತೂತು ಇರ್ತಾವಲ್ಲಾ, ಅಲ್ಲಿಂದ ಸೂಜಿ ಚುಚ್ಚಿದಂಗ ಗಾಳಿ ಬರ್ಲಿಕತ್ತಿತ್ತು. ಹಳೇ ಸೀರಿ ಸುರುಳಿ ಮಾಡಿ ಅಲ್ಲಿಟ್ವಿ, ಬಾಗಲಾ ಕೆಳಗೂ ಒಂದು, ಕಾಟು ಕಿಡಕಿಯಿಂದ ಸರಿಸಿ ಒಳಗಿನ ಗ್ವಾಡಿಗೆ ಹಚ್ಚಿದ್ವಿ. ಅಷ್ಟಕ್ಕ ರಾತ್ರಿ ಕೆಮ್ಮು ಅರ್ಧ ಕಡಿಮಿ ಆತು. ಕೋಲಿ 18 ಡಿಗ್ರಿಗಿಂತ ಕೆಳಗ ಇಳಿಬಾರದು ಅಂತಾರ, ನಮ್ಮ ಮನಿಗೆ ಇಷ್ಟು ಸಾಕಾತು, ಹೀಟರ್ ಬೇಕಾಗಲಿಲ್ಲ. ಆದ್ರ ಮಧ್ಯಾಹ್ನ ಹನ್ನೆರಡರಿಂದ ಮೂರರತನ ಎಲ್ಲಾ ಕಿಡಕಿ ತಗದು ಬಿಸಲು ಗಾಳಿ ಬಿಡ್ರಿ, ಇಲ್ಲಾಂದ್ರ ಒಳಗ ಮುಗ್ಗಲು ಹಿಡಿತದ.

ಕಿಡಕಿ ಹಾಕಿದ ಮನಿಯಾಗ ದೊಡ್ಡ ವೈರಿ ಅಂದ್ರ ಹೊಗಿ ಮತ್ತ ಘಾಟು. ಮೆಣಸಿನಕಾಯಿ ಒಗ್ಗರಣಿ ಬ್ಯಾಸಗಿಯಾಗ ಹೊರಗ ಹೋಗ್ತದ, ಚಳಿಗಾಲದಾಗ ಹಾಲ್‌ಗೆ ಬರ್ತದ. ನಾವು ಒಗ್ಗರಣಿಕಿಂತ ಐದು ಮಿನಿಟ್ ಮೊದಲ ಎಕ್ಸಾಸ್ಟ್ ಹಚ್ಚಿ ಅಡಗಿ ಮನಿ ಬಾಗಲಾ ಹಾಕ್ತೀವಿ, ಖಾರ ಹುರಿಯೋದು ಅವ್ವ ಹೊರಗ ಹೋದಾಗ. ಸೊಳ್ಳಿ ಬತ್ತಿ ಪೂರ್ತಿ ಬಂದ್ ಮಾಡ್ರಿ, ದಯವಿಟ್ಟು. ಒಂದು ಬತ್ತಿ ಸುಟ್ರ ಬರೋ ಸಣ್ಣ ಕಣ 75ರಿಂದ 137 ಸಿಗರೇಟಿಗೆ ಸಮ ಅಂತ 2003ರಾಗ ಒಂದು ಅಧ್ಯಯನದಾಗ ಲೆಕ್ಕ ಹಾಕ್ಯಾರ, ಮುಚ್ಚಿದ ಕೋಲಿಯಾಗ ರಾತ್ರಿ ಪೂರ್ತಿ ಅದರ ಬಾಜೂಕ ಮಲಗೋದು ಅಂದ್ರ ನೀವ ವಿಚಾರ ಮಾಡ್ರಿ. ಸೊಳ್ಳಿ ಪಡದೆ ಕಟ್ರಿ. ಊದಿನಕಡ್ಡಿ, ಧೂಪ, ಕರ್ಪೂರ ಬಗ್ಗೆ ಅವ್ವನ ಜೋಡಿ ಜಗಳಾನ ಆತು, ದೇವರ ಮುಂದ ಹೊಗಿ ಇಲ್ಲದ ಹೆಂಗ ಅಂತ. ಕಡೀಕ ತುಪ್ಪದ ಸಣ್ಣ ದೀಪ, ಹೂವು, ಅಷ್ಟಕ್ಕ ಒಪ್ಪಿದ್ಲು. ಮನಿಯಾಗ ಆಕ್ಸಿಜನ್ ಮಷೀನ್ ಇದ್ರ ಆ ದೀಪಾನೂ ಅದ ಕೋಲಿಯಾಗ ಬ್ಯಾಡ, ಗ್ಯಾಸ್ ಒಲಿ ಹತ್ರನೂ ನಳಿಗಿ ಹಾಕ್ಕೊಂಡು ಹೋಗಬಾರದು, ಮತ್ತ ಥಂಡಿಗೆ ತುಟಿ ಮೂಗು ಒಡಿತಾವ ಅಂತ ವ್ಯಾಸಲಿನ್ ಹಚ್ಚಬಾರದು, ಅದು ಎಣ್ಣಿ ಪದಾರ್ಥ, ಆಕ್ಸಿಜನ್ ಜೋಡಿ ಬೆಂಕಿಗೆ ಆಸರ. ನೀರಿನ ಜೆಲ್ ಮೆಡಿಕಲ್‌ದಾಗ ಸಿಗತದ.

ಬೆಂಕಿ ಕಾಯಿಸೋದೂ ಹಂಗ. ಸೊಸೈಟಿ ವಾಚ್‌ಮನ್ ಮುಂಜಾನೆ ಶೇಕೋಟಿ, ಅಂದ್ರ ಮೈ ಕಾಯಿಸೋ ಬೆಂಕಿ ಹಚ್ಚತಾರ, ಒಣ ಎಲಿ ಪ್ಲಾಸ್ಟಿಕ್ ಎಲ್ಲಾ ಸುಡ್ತಾರ, ಆ ಹೊಗಿ ನಾಲ್ಕನೇ ಮಾಳಗಿಗೂ ಬರ್ತದ. ನಾವು ಬೈಲಿಲ್ಲ, ಪಾಪ ಅವರಿಗೂ ಥಂಡಿನ. ನಾಲ್ಕು ಮನಿಯವರು ಕೂಡಿ ಜಾಕೆಟ್ ಮತ್ತ ಥರ್ಮಾಸ್ ಕೊಡಿಸಿದ್ವಿ, ಶೇಕೋಟಿ ನಿಂತಿತು. ಮನಿ ಒಳಗ ಇದ್ದಲಿ ಶೇಗಡಿ ಇಟ್ಕೊಂಡು ಮಲಗೋದು ಆರಾಮ ಇದ್ದವರ ಜೀವಾನ ತಗೀತದ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನಿನ ಇಲ್ಲ. ಬಾತ್‌ರೂಮಿನಾಗ ಗ್ಯಾಸ್ ಗೀಸರ್ ಇದ್ರ ವೆಂಟಿಲೇಟರ್ ಥಂಡಿ ಬರ್ತದ ಅಂತ ಮುಚ್ಚಲೇಬಾರದು.

ಸ್ನಾನ ನಸುಕಿನಾಗ ಬಿಡ್ರಿ, ಹನ್ನೊಂದಕ್ಕ ಮಾಡ್ಲಿ. ದೀಪಾವಳಿಗೆ ನಾಲ್ಕಕ್ಕ ಎದ್ದು ಎಣ್ಣಿ ಹಚ್ಕೊಂಡು ಎರೆದುಕೊಳ್ಳೋದು ನಮ್ಮನಿಯಾಗ ಅವ್ವಗ ಈಗ ಇಲ್ಲ, ಹತ್ತಕ್ಕ ಬಿಸಲು ಬಂದ ಮ್ಯಾಲೆ ಆರತಿ ಮಾಡ್ತೀವಿ, ಪಟಾಕಿ ಹೊಡಿಯೋ ಹೊತ್ತಿಗೆ ಆಕಿ ಹಿಂದಿನ ಕೋಲಿಯಾಗ. ಸ್ಟೂಲ್ ಮ್ಯಾಲೆ ಕುಂತು ಸ್ನಾನ, ಭಾಳ ಹಬಿ ಆಗದಂಗ, ಒಳಗಿನ ಚಿಲಕ ಹಾಕದ. ಮೈ ಒರಸೋದ ದೊಡ್ಡ ದಣಿವು ಇವರಿಗೆ, ದೊಡ್ಡ ಟವೆಲ್ ಹೊದ್ದು ಸುಮ್ಮನ ಕುಂತ್ರ ನೀರು ತಾನ ಹೀರಿಕೋತದ.

ಸ್ವೆಟರ್, ಶಾಲು, ಕೌದಿ ಟ್ರಂಕಿನಿಂದ ತಗದು ಸೀದಾ ಹೊದಿಸಬ್ಯಾಡ್ರಿ. ಡಾಂಬರ್ ಗುಳಿಗಿ ವಾಸನಿ ಮೂಗಿಗೆ ಹೋದ್ರ ಸಾಕು, ನಮ್ಮ ಅವ್ವ ಅರ್ಧ ತಾಸು ಕೆಮ್ಮತಾಳ. ಅಕ್ಟೋಬರ್ ಕಡೀಕ ಒಂದು ವಾರ ಬಿಸಲಿಗೆ ಹಾಕಿ, ಒಗೆಯೋ ಹಂಗಿದ್ರ ಒಗೆದು, ಆಮ್ಯಾಲೆ. ಕೌದಿ ಝಾಡಿಸೋದು ಅವರು ಮನಿಯಾಗ ಇಲ್ಲದಾಗ, ಟೆರೇಸ್ ಮ್ಯಾಲೆ. ಎರಡು ಸ್ವೆಟರ್ ಭಾರಕ್ಕಿಂತ ತೆಳ್ಳನ ಮೂರು ಪದರ ಬೆಚ್ಚಗ, ಮತ್ತ ಮಧ್ಯಾಹ್ನ ಒಂದೊಂದ ತಗೀಬಹುದು. ಕಾಲಿಗೆ ಸಾಕ್ಸ್, ತಲಿಗೆ ಟೋಪಿ, ಎದಿ ಮ್ಯಾಲೆ ಭಾರದ್ದು ಏನೂ ಬ್ಯಾಡ.

ಊಟಕ್ಕ ಹೆಚ್ಚು ಹೇಳಂಗಿಲ್ಲ. ಹೊಟ್ಟಿ ಬಿರಿ ಉಂಡ್ರ ಹೊಟ್ಟಿ ಮ್ಯಾಲೆ ದೂಕಿ ಪುಪ್ಪುಸಕ್ಕ ಜಾಗಾ ಕಡಿಮಿ ಆಗ್ತದ, ಅದಕ್ಕ ಒಂದ ರೊಟ್ಟಿ ಬ್ಯಾಳಿ ಪಲ್ಯ, ಸ್ವಲ್ಪ ಸ್ವಲ್ಪ, ಐದು ಸಲ. ಥಂಡಿಯಾಗ ನೀರು ಕುಡಿಯೋದ ಮರೀತಾರ, ಥರ್ಮಾಸ್‌ದಾಗ ಬಿಸಿ ನೀರು ಕಣ್ಣ ಮುಂದ ಇಟ್ರ ಕುಡಿತಾರ, ಕಫ ತೆಳ್ಳಗಿರ್ತದ. ಹೃದಯ, ಕಿಡ್ನಿ ತ್ರಾಸು ಇದ್ದವರು ಎಷ್ಟು ನೀರು ಅಂತ ಕೇಳಿ ಕುಡಿಬೇಕು. ಶುಂಠಿ ಕಷಾಯ ಗಂಟಲಕ್ಕ ಹಿತ, ಕುಡೀರಿ, ಆದ್ರ ಪಂಪಿನ ಬದಲಿ ಅಲ್ಲ.

ಜ್ವರದ ಫ್ಲೂ ಲಸಿಕಿ ವರ್ಷಾ ತಗೋಬೇಕು, ತಗೊಂಡ ಮ್ಯಾಲೆ ಎರಡು ವಾರ ಬೇಕು ಅದು ಹತ್ತಲಿಕ್ಕೆ, ಅದಕ್ಕ ಥಂಡಿ ಶುರು ಆಗೋಕಿಂತ ಮೊದಲ. ನ್ಯುಮೋನಿಯಾದ್ದು ಬ್ಯಾರೆ ಲಸಿಕಿ, ನಿಮ್ಮ ಡಾಕ್ಟರ್‌ಗೆ ಕೇಳ್ರಿ. ಮನಿಯಾಗ ಮಕ್ಕಳಿಗೆ ನೆಗಡಿ ಬಂದ್ರ ಅಜ್ಜಿ ಹಾಸಿಗಿಯಾಗ ಮಲಗೋದು ನಾಲ್ಕು ದಿನ ಬಂದ್. ನನ್ನ ಮಗಳು ಅತ್ತಳು, ಆದ್ರೂ ಬಂದ್.

ಒಂದು ಮಾತು ಪುಣೆದವರು ಮರೀತಾರ, ಇಲ್ಲಿ ಥಂಡಿ ಗಾಳಿ ಅಂದ್ರ ಡಿಸೆಂಬರ್ ಒಂದ ಅಲ್ಲ. ಜುಲೈದಾಗ ಪಡುವಣ ಗಾಳಿ ಜೋರ ಇರ್ತದ, ಜಿಟಿಜಿಟಿ ಮಳಿ, ಮನಿ ಗ್ವಾಡಿಗೆ ಬೂಸು, ಅರಿವಿ ಒಣಗಂಗಿಲ್ಲ. ನಾವು ಒಂದು ರವಿವಾರ ಅವ್ವನ್ನ ಖಡಕವಾಸಲಾ ಡ್ಯಾಮ್ ತೋರಿಸಲಿಕ್ಕೆ ಕರ್ಕೊಂಡು ಹೋಗಿದ್ವಿ, ನೀರಿನ ಮ್ಯಾಲಿಂದ ಒದ್ದಿ ಗಾಳಿ ಒಂದು ಕಡೆ, ಸಾಲಾಗಿ ಭುಟ್ಟಾ ಸುಡೋ ಇದ್ದಲಿ ಹೊಗಿ ಇನ್ನೊಂದು ಕಡೆ, ಹತ್ತು ಮಿನಿಟಿಗೆ ವಾಪಸ್ ಬಂದ್ವಿ. ಈಗ ಹೋದ್ರ ಕಾರಿನ ಕಾಜು ಹಾಕ್ಕೊಂಡು ಒಳಗಿಂದ ನೋಡ್ತಾಳ, ಭುಟ್ಟಾ ಒಳಗ ತಂದು ಕೊಡ್ತೀವಿ. ಮಳಿಗಾಲದಾಗ ಒದ್ದಿ ಅರಿವಿ ಆಕಿ ಕೋಲಿಯಾಗ ಒಣಹಾಕಂಗಿಲ್ಲ, ಬೂಸು ಬಂದ ಗ್ವಾಡಿ ಒರಸೋದು ನಾವ, ಆಕಿ ಅಲ್ಲ.

ರಕ್ತದಾಗ ಆಕ್ಸಿಜನ್ ಶೇಕಡಾ ಎಷ್ಟದ ಅಂತ ತೋರಿಸೋ ಬೆರಳಿನ ಆಕ್ಸಿಮೀಟರ್ ಎಲ್ಲಾರ ಮನಿಯಾಗ ಅದ ಈಗ. ಥಂಡಿ ಬೆರಳಿಗೆ ಹಚ್ಚಿದ್ರ ತಪ್ಪು ತೋರಿಸ್ತದ, ಒಂದು ಮುಂಜಾನೆ 79 ತೋರಿಸಿ ನಮ್ಮ ಕೈಕಾಲ ಬಿಟ್ಟಿದ್ವು, ಕೈ ತಿಕ್ಕಿ ಬೆಚ್ಚಗ ಮಾಡಿ ಹಚ್ಚಿದ್ರ 90. ಮದರಂಗಿ, ನೇಲ್ ಪಾಲಿಶ್ ಇದ್ರೂ ಹಂಗ ಆಗಬಹುದು. ನಮ್ಮ ಅವ್ವಗ ಡಾಕ್ಟರ್ 88ರಿಂದ 92 ಇದ್ರ ಸಾಕು ಅಂದಾರ, 98 ಆಗಲಿ ಅಂತ ಆಕ್ಸಿಜನ್ ಹೆಚ್ಚು ಮಾಡಬಾರದು, ಈ ರೋಗದಾಗ ಹೆಚ್ಚಾದ್ರ ಮೈಯಾಗ ಕಾರ್ಬನ್ ಡೈಆಕ್ಸೈಡ್ ಕೂಡಿ ಮಂಪರು ಬರ್ತದ. ನಿಮ್ಮವರಿಗೆ ಎಷ್ಟು ಅಂತ ಡಾಕ್ಟರ್ ಕಡಿಂದ ಬರಸಿಕೊಂಡು ಗ್ವಾಡಿಗೆ ಹಚ್ರಿ.

ಕಫ ಹೆಚ್ಚಾತು, ಬಣ್ಣ ಹಳದಿ ಹಸರಾತು, ನೀಲಿ ಪಂಪ್ ದಿನಾಕಿಂತ ಹೆಚ್ಚು ಸಲ ಬೇಕಾಗ್ಲಿಕತ್ತಿತು, ಜ್ವರ ಬಂತು, ಕಾಲು ಬಾತ್ವು ಅಂದ್ರ ಅವತ್ತ ಡಾಕ್ಟರ್‌ಗೆ ಫೋನ್ ಮಾಡ್ರಿ, ನಾಳೆ ನೋಡೋಣ ಬ್ಯಾಡ. ಒಂದು ವಾಕ್ಯ ಪೂರ್ತಿ ಮಾತಾಡ್ಲಿಕ್ಕೆ ಆಗವಲ್ದು, ತುಟಿ ಉಗುರು ನೀಲಿ ಆದ್ವು, ಮಂಪರು ಹತ್ತಿತು, ಏನೇನೋ ಮಾತಾಡ್ಲಿಕತ್ರು, ಪಂಪ್ ಹೊಡಕೊಂಡ್ರೂ ಇಳೀವಲ್ದು ಅಂದ್ರ 108ಕ್ಕ ಫೋನ್, ಆ ಹೊತ್ತಿನಾಗ ಆಟೋ ಸ್ಕೂಟರ್ ಹುಡುಕಬ್ಯಾಡ್ರಿ.

ನಮ್ಮ ಬಾಗಲಾ ಹಿಂದ ಒಂದು ಮೊಳಿಗೆ ಚೀಲ ತೂಗಹಾಕೇವಿ. ಅದರಾಗ ಫೈಲು, ಎರಡೂ ಪಂಪ್, ಸ್ಪೇಸರ್, ಸ್ಕಾರ್ಫ್, ಸಾಕ್ಸ್, ಆಧಾರ್ ಕಾರ್ಡಿನ ಝೆರಾಕ್ಸ್. ಮ್ಯಾಲಿನ ಹಾಳಿಯಾಗ ಯಾವ ರೋಗ, ಯಾವ ಔಷಧ, ಎಷ್ಟು ಆಕ್ಸಿಜನ್, ಯಾವುದರ ಅಲರ್ಜಿ ಅನ್ನೋದನ್ನ ಮರಾಠಿಯಾಗ ಬರೆದೇವಿ. ಯಾಕಂದ್ರ ಅವ್ವಗ ಕನ್ನಡ ಬಿಟ್ರ ಬ್ಯಾರೆ ಬರಂಗಿಲ್ಲ, ಹಗಲು ಹೊತ್ತಿನಾಗ ನಾವಿಬ್ಬರೂ ಕೆಲಸಕ್ಕ ಹೋಗಿರ್ತೀವಿ, ದವಾಖಾನಿಯಾಗ ಇದ್ದಾಗ ನರ್ಸ್ ಮರಾಠಿಯಾಗ ಕೇಳಿದ್ದಕ್ಕೆಲ್ಲಾ ಆಕಿ ಸುಮ್ಮನ ತಲಿ ಹಾಕಿದ್ಲು, ನೋವಿಲ್ಲ ಅಂತ ಬರಕೊಂಡುಬಿಟ್ಟಿದ್ರು. ಬಾಜೂ ಮನಿ ಮಾವಶಿ ಆಕಿಗೆ ಎರಡು ಮಾತು ಕಲಿಸ್ಯಾಳ, "ದಮ್ ಲಾಗತೋಯ್" (ದಮ್ಮು ಹತ್ತೇದ) ಮತ್ತ "ಛಾತೀತ ದುಖತಂಯ್" (ಎದಿ ನೋಯ್ತದ). ಅವ್ವ ಮುಂಜಾನೆ ಬಿಸಲಾಗ ಬಾಲ್ಕನಿಯಾಗ ಕುಂತು ತುಟಿ ಸಣ್ಣ ಮಾಡಿ ಉಸಿರು ಬಿಡೋದು ಮಾಡ್ತಾಳಲ್ಲಾ, ಅದರ ನಡುನಡುವ ಈ ಎರಡೂ ಮಾತು ಜೋರಾಗಿ ಒಂದೊಂದ ಸಲ ಹೇಳ್ತಾಳ, ಆಚಿ ಬಾಲ್ಕನಿಯಿಂದ ಮಾವಶಿ ಬರೋಬ್ಬರಿ ಆತು ಅಂದ ಮ್ಯಾಲೆ ಒಳಗ ಬರ್ತಾಳ.